ಉಲ್ಟಾ ಗ್ಲೌಸು

ರವಿವಾರ ಆಡೋರು ನೀವು, ಶನಿವಾರ ರಾತ್ರಿ ಬರ್ತೀರಿ,
ಸೊಲ್ಲಾಪುರದ ಅರ್ಧ ಪೇಠ ಶಟರ್ ಎಳದ ಮ್ಯಾಲ.
ಬರ್ರಿ. ಆ ಚಪ್ಪಲಿ ರಾಶಿ ಸರಸಿ ಕೂಡ್ರಿ.
ನಾ ಮಾರಾಂವ ಅಲ್ಲ, ಹೊಲಿಯಾಂವ,
ಅದಕ್ಕ ನನ್ನ ಮಾತಿನಾಗ ಕಮಿಶನ್ ಇಲ್ಲ.

ಮೊದಲ ಬ್ಯಾಟು.
ಅಂಗಡಿ ಹುಡುಗ ಹೊಳಿಯೂದ ತೋರಸ್ತಾನ,
ಮೈಮ್ಯಾಲ ಬೆಂಕಿ ಬರದಿರ್ತದ, ಹುಲಿ ಬರದಿರ್ತದ.
ಹುಲಿಗಿ ರೊಕ್ಕಾ ಕೊಡಬ್ಯಾಡ್ರಿ.
ಒಂದ ಕೈಲೆ ಹಿಡದು ಮುಂದ ಚಾಚ್ರಿ,
ಮನಿದೇವರ ಹೆಸರು ಹತ್ತು ಸಲ ಅನ್ರಿ.
ಏಳಕ್ಕ ತುದಿ ನೆಲಾ ನೋಡ್ತಂದ್ರ ಆ ಬ್ಯಾಟು ನಿಮ್ಮದಲ್ಲ.
ದವಾಖಾನಿ ಸುಲೋಚನಾ ಸಿಸ್ಟರ್ ಮೂರಕ್ಕ ಇಳಿಸಿ ನಕ್ಕಳು.
ರಾತ್ರಿಪಾಳಿ ಮುಗಿಸಿ ಬಂದಿದ್ದಳು,
ಅದನ್ನೂ ತೂಕದಾಗ ಹಿಡೀಬೇಕು.

ನಿಮ್ಮ ಆಟದಾಗ ಚೆಂಡು ಮೈಮ್ಯಾಲ ಏರಿ ಬರೂದಿಲ್ಲ,
ಕಮಾನು ಕಟ್ಟಿ ಮ್ಯಾಲ ಹೋಗಿ, ಅಲ್ಲೆ ಒಂದೀಟು ನಿಂತು
ಯಾರ ಮನೀಗಿ ಇಳೀಲೆಪಾ ಅಂತ ಕೇಳ್ಕೋತ ಬರ್ತದ.
ಅದಕ್ಕ ಕಾಯೂದ ದೊಡ್ಡ ಕೆಲಸ.
ಗಡಬಡಿ ಮಾಡಾಕಿಗಿ ಎಂಟು ಸಾವಿರದ ಬ್ಯಾಟೂ ಅಷ್ಟ,
ರೊಟ್ಟಿ ಬಡಿಯೂ ಕೊಣಮಗಿನೂ ಅಷ್ಟ.

ಬೂಟಿಗಿ ಮೊಳಿ ಬ್ಯಾಡ, ರಬ್ಬರ್ ಗುಬ್ಬಿ ಸಾಕು.
ಮುನ್ಸಿಪಾಲ್ಟಿ ಶಾಳಿ ಮೈದಾನ ಕರಿ ಮಣ್ಣು,
ಬ್ಯಾಸಿಗ್ಯಾಗ ಬಾಯಿ ಬಿಡ್ತದ, ಮಳ್ಯಾಗ ಕಾಲು ಬಿಡೂದಿಲ್ಲ.
ಅಳತಿ ಸಂಜಿಮುಂದ ಕೊಡ್ರಿ, ಕಾಲು ಬಾತಾಗ.

ಗ್ಲೌಸಿನ ಮಾತು ತಡೀರಿ.
ಅದನ್ನ ಹೇಳಬೇಕಂದ್ರ ಭಾಗೀರಥಿದು ಹೇಳಬೇಕು,
ಮ್ಯಾಕಲ ಭಾಗೀರಥಿ, ಬೀಡಿ ಕಟ್ಟಾಕಿ.
ಎಡಚಿ.
ತೂಬ್ರಿ ಎಲಿ ಕತ್ತರಸೂ ಕತ್ತರಿ ಆಕಿಗಿ ಉಲ್ಟಾ,
ಶಾಳ್ಯಾಗ ಬಾಕು ಉಲ್ಟಾ, ಪಂಕ್ತ್ಯಾಗ ಕೈ ಉಲ್ಟಾ.
ಇಲ್ಲಿ ಸಿಗೂ ಗ್ಲೌಸೆಲ್ಲ ಎಡಗೈಗಿ ಹೊಲದಿದ್ದು,
ಹಿಡಿಯೂದು ಎಡಗೈಲೆ, ಒಗಿಯೂದು ಬಲಗೈಲೆ.
ಆಕಿ ಏನ ಮಾಡ್ತಿದ್ದಳು?
ಹಿಡೀತಿದ್ದಳು, ಗ್ಲೌಸು ಕಿತ್ತಿ ನೆಲಕ್ಕ ಒಗೀತಿದ್ದಳು,
ಆಮ್ಯಾಲ ಅದ ಎಡಗೈಲೆ ಚೆಂಡು ಬೀಸ್ತಿದ್ದಳು.
ಅಷ್ಟರಾಗ ಓಡಾಕಿ ಮನಿ ಮುಟ್ಟಿ ನೀರು ಕುಡೀತಿದ್ದಳು.

ಎರಡು ವರ್ಷ ಹಂಗ ಆಡಿದಳು ನೋಡ್ರಿ.
ಒಬ್ಬರೂ ಕೇಳಲಿಲ್ಲ. ಆಕಿನೂ ಹೇಳಲಿಲ್ಲ.
ನಾನೂ ಆ ಗ್ಲೌಸಿನ ಹರಕು ನಾಕು ಸಲ ಹೊಲದು ಕೊಟ್ಟಿದ್ದೆ,
ಕಿತ್ತಿ ಒಗದ ಗಾಯ ಅಂತ ಸೂಜಿಗಿ ತಿಳೀಲಿಲ್ಲ.

ನಮ್ಮಪ್ಪ ಟಾಂಗಾದ ಜೀನು ಹೊಲೀತಿದ್ದ.
ಕಡೀ ಕುದುರಿ ಹೋದ ಮ್ಯಾಲ ಒಂದು ಎಮ್ಮಿ ತೊಗಲು
ಮಾಳಗಿ ಕೆಳಗ ಸುತ್ತಿಟ್ಟಿದ್ದ, ಯಾತಕ್ಕಂತ ಹೇಳದ.
ಅದನ್ನ ಬಿಚ್ಚಿದೆ.
ಅಕಿ ಹಳೀ ಗ್ಲೌಸು ಕನ್ನಡಿ ಮುಂದ ಇಟ್ಟು
ಕನ್ನಡಿ ಒಳಗಿಂದು ನೋಡಿ ಗುರ್ತು ಹಾಕಿದೆ.
ಹೆಬ್ಬೆರಳು ಎರಡು ಸಲ ತಪ್ಪಿತು.
ಮೂರನೇದಕ್ಕ ಕೂತಿತು.

ಹೊಸಾ ತೊಗಲು ಹಟಮಾರಿ, ಹೇಳಿ ಕಳಿಸಿದೆ:
ಔಡಲೆಣ್ಣಿ ಬೆರಳ ತುದೀಲೆ, ಸುರೀಬ್ಯಾಡ.
ಬೊಗಸ್ಯಾಗ ಚೆಂಡಿಟ್ಟು ಬಿಗದು ಕಟ್ಟು,
ತಲಿದಿಂಬಿನ ಕೆಳಗ ಇಟಗೊಂಡು ಮಲಕ್ಕೋ.
"ಮನ್ಯಾಗ ಏನಂತಾರೋ" ಅಂದಳು.
ನಿದ್ದಿ ಬರದಿದ್ರ ಅನ್ನಲಿ ಅಂದೆ.

ರೊಕ್ಕಾ ಕೊಡುಮುಂದ ಎಡಗೈ ಮುಂದ ಬಂತು,
ಗಪ್ಪನ ಹಿಂದಕ್ಕ ಹೋತು, ಬಲಗೈ ಹುಡುಕಿತು.
ಬಲಗೈಯಾಗ ಗ್ಲೌಸಿತ್ತು.
ಹಂಗ ನಿಂತಳು.
ನಾ ಕೈ ಚಾಚಿದೆ, ಎಡಗೈನ.

ಈಗ ರವಿವಾರ ನಾ ಮೈದಾನಕ್ಕ ಹೋಗೂದಿಲ್ಲ,
ಕಾಂಪೌಂಡಿನ ಈಚೆ ಚಾದ ಅಂಗಡ್ಯಾಗ ಕೂಡ್ತೀನಿ.
ಧಪ್ ಅಂದ್ರ ಸುಲೋಚನಾ, ಚಟ್ ಅಂದ್ರ ಹೊಸಾ ಹುಡುಗಿ,
ಭಾಗೀರಥಿದು ದಪ್ಪನ ಸಪ್ಪಳ, ಕುದುರಿ ಬೆನ್ನಿಗಿ ಜೀನು ಬಿದ್ದಂಗ.
ಮೊನ್ನೆ ಅದರಾಗ ಒಂದು ಸಣ್ಣ ಕಿರಕು ಕೇಳಿತು.
ಉಂಗುರ ಬೆರಳಿನ ಬಾರು ಸಡ್ಲ ಆಗ್ಯಾದ.
ನಿಮಗ ಆಕಿ ಭೆಟ್ಟಿ ಆದ್ರ ಹೇಳ್ರಿ,
ಮಂಗಳವಾರ ತಗೊಂಡು ಬಾ ಅಂತ.